ಅನುಮಾನ ಬರದ ಅಂಕಿಯನ್ನೇ ಮೊದಲು ಪರೀಕ್ಷಿಸಿ

ಏಪ್ರಿಲ್ ಕೊನೆಯ ಹೊತ್ತಿಗೆ ವಿಜಯಪುರದ ಮಧ್ಯಾಹ್ನ 40 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಏಸಿ ಇಲ್ಲದ ಕೋಣೆಯಲ್ಲಿ ಫ್ಯಾನಿನ ಗಾಳಿಯೇ 37-38 ಡಿಗ್ರಿ ಇರುತ್ತದೆ. ಅಂಥ ಕೋಣೆಯಲ್ಲಿ ಲಿನಕ್ಸ್ ಹಾಕಿದ ಒಂದು ಡೆಸ್ಕ್‌ಟಾಪ್ ಕಂಪ್ಯೂಟರಿಗೆ ‘ಸೆನ್ಸರ್ಸ್’ ಎಂಬ ಆದೇಶ ಕೊಟ್ಟರೆ, ಎಷ್ಟೋ ಬೋರ್ಡ್‌ಗಳಲ್ಲಿ ಎಸಿಪಿಐ ವಲಯದ ಉಷ್ಣಾಂಶ ಎಂದು 27.8 ಡಿಗ್ರಿ ಕಾಣುತ್ತದೆ. ನೋಡಿದವರಿಗೆ ಸಮಾಧಾನ, ಯಂತ್ರ ತಣ್ಣಗಿದೆ ಎಂದು ಮುಂದಿನ ಕೆಲಸಕ್ಕೆ ಹೊರಳುತ್ತಾರೆ. ಆದರೆ ಅದು ಆಗಲಾರದ ಮಾತು. ಸುತ್ತಲ ಗಾಳಿಯಿಂದಲೇ ತಣಿಯಬೇಕಾದ ಯಂತ್ರ ಆ ಗಾಳಿಗಿಂತ ಹತ್ತು ಡಿಗ್ರಿ ತಂಪಾಗಿರುವುದಕ್ಕೆ ದಾರಿಯೇ ಇಲ್ಲ. ಡಿಸೆಂಬರ್ ಬೆಳಗಿನ ಚಳಿಯಲ್ಲಿ ನೋಡಿದರೂ ಅದೇ 27.8 ಇರುತ್ತದೆ. ಕಾರಣ, ಅದು ಅಳತೆಯೇ ಅಲ್ಲ. ಬೋರ್ಡಿನ ಫರ್ಮ್‌ವೇರ್ ಬರೆದವರು ಆ ಜಾಗದಲ್ಲಿ ಸೆನ್ಸರನ್ನು ಓದುವ ಬದಲು ಸುಮಾರು 301 ಕೆಲ್ವಿನ್‌ಗೆ ಸಮನಾದ ಒಂದು ಸಿದ್ಧ ಸಂಖ್ಯೆ ಇಟ್ಟಿದ್ದಾರೆ. ಲಿನಕ್ಸ್ ಅದನ್ನು ಸೆಲ್ಸಿಯಸ್‌ಗೆ ತಿರುಗಿಸಿ ಪ್ರಾಮಾಣಿಕವಾಗಿ ತೋರಿಸುತ್ತಿದೆ, ಅಷ್ಟೆ. ತಂಪು ನಾಡಿನಲ್ಲಿ ಕುಳಿತವರಿಗೆ ಈ ಅಂಕಿ ವರ್ಷಗಟ್ಟಲೆ ನಿಜವೆನಿಸಬಹುದು. ವಿಜಯಪುರದ ಬೇಸಿಗೆ ಅದನ್ನು ಒಂದೇ ಮಧ್ಯಾಹ್ನದಲ್ಲಿ ಬಯಲು ಮಾಡುತ್ತದೆ.

ಸೆನ್ಸರ್ ಕೆಟ್ಟಿದೆ ಎಂದು ನಾವು ಸಾಮಾನ್ಯವಾಗಿ ಹೇಳುವುದು ಯಾವಾಗ? ಪರದೆಯ ಮೇಲೆ 127 ಡಿಗ್ರಿಯೋ ಮೈನಸ್ 60 ಡಿಗ್ರಿಯೋ ಬಂದಾಗ. ಅಂಥ ಅಂಕಿಯಿಂದ ಹಾನಿ ಕಡಿಮೆ, ಏಕೆಂದರೆ ಅದನ್ನು ಯಾರೂ ನಂಬುವುದಿಲ್ಲ. ಹಾನಿ ಮಾಡುವುದು ನಂಬಲು ತಕ್ಕಂತಿರುವ ತಪ್ಪು ಅಂಕಿ. 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದ ಸ್ವಯಂಚಾಲಿತ ಹವಾಮಾನ ಕೇಂದ್ರ 52.9 ಡಿಗ್ರಿ ದಾಖಲಿಸಿತು. 2016ರಲ್ಲಿ ರಾಜಸ್ಥಾನದ ಫಲೋದಿಯಲ್ಲಿ ಬಂದಿದ್ದ 51 ಡಿಗ್ರಿಯ ದಾಖಲೆಯನ್ನೂ ಅದು ಮೀರಿತ್ತು. ದೇಶವೇ ಬೆಚ್ಚಿತು, ಭಾರತೀಯ ಹವಾಮಾನ ಇಲಾಖೆ ತಂಡ ಕಳಿಸಿ ಪರೀಕ್ಷಿಸಿತು, ಆ ಸೆನ್ಸರ್ ಪ್ರಮಾಣಿತ ಉಪಕರಣಕ್ಕಿಂತ ಸುಮಾರು 3 ಡಿಗ್ರಿ ಹೆಚ್ಚು ತೋರಿಸುತ್ತಿದೆ ಎಂದು ಪ್ರಕಟಿಸಿತು. ಇಲ್ಲಿ ಗಮನಿಸಬೇಕಾದದ್ದು ತಪ್ಪಿನ ಗಾತ್ರ. ತಪ್ಪು ಇದ್ದದ್ದು ಮೂರೇ ಡಿಗ್ರಿ. ದಾಖಲೆ ಮುರಿದದ್ದರಿಂದ ಅದು ಸಿಕ್ಕಿಬಿತ್ತು. ಅದೇ ಮೂರು ಡಿಗ್ರಿ ಬೇರೊಂದು ದಿನ 39ನ್ನು 42 ಎಂದು ತೋರಿಸಿದ್ದರೆ ಯಾವ ತಂಡವೂ ಅಲ್ಲಿಗೆ ಹೋಗುತ್ತಿರಲಿಲ್ಲ. ಅಳತೆಯ ದೋಷವನ್ನು ಅದರ ವಿಚಿತ್ರತನದಿಂದ ಹುಡುಕುವ ನಮ್ಮ ರೂಢಿಯೇ ಸರಿಯಲ್ಲ ಎನ್ನುವುದು ಈ ಬರಹದ ವಾದ. ಕಂಪ್ಯೂಟರಿನ ಒಳಗಿರಲಿ, ತಿಕೋಟಾದ ದ್ರಾಕ್ಷಿ ಪಡದಲ್ಲಿರಲಿ, ಸೆನ್ಸರಿನ ಅಂಕಿಯನ್ನು ನಮ್ಮ ನಿರೀಕ್ಷೆಯ ಜೊತೆ ಹೋಲಿಸಿದರೆ ಸಾಲದು. ಬದಲಾಗದ ಒಂದು ಭೌತಿಕ ಸತ್ಯದ ಜೊತೆ ಹೋಲಿಸಬೇಕು.

ಮೊದಲು ಕಂಪ್ಯೂಟರನ್ನೇ ನೋಡೋಣ. ಅಲ್ಲಿ ಅಂಕಿ ಬರುವ ದಾರಿ ಉದ್ದವಾಗಿದೆ, ಮತ್ತು ಲಿನಕ್ಸ್‌ನ ದೊಡ್ಡ ಗುಣವೆಂದರೆ ಆ ದಾರಿಯನ್ನು ಅದು ಮುಚ್ಚಿಡುವುದಿಲ್ಲ. ಎಲ್‌ಎಂ-ಸೆನ್ಸರ್ಸ್ ಎಂಬ ತಂತ್ರಾಂಶಕ್ಕೆ ಹೆಸರು ಬಂದದ್ದು ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಎಲ್‌ಎಂ75, ಎಲ್‌ಎಂ78 ಚಿಪ್‌ಗಳಿಂದ. ಇಂದು ಕರ್ನಲ್‌ನ ಎಚ್‌ಡಬ್ಲ್ಯೂಮಾನ್ ವ್ಯವಸ್ಥೆ ಪ್ರತಿ ಸೆನ್ಸರನ್ನೂ ಒಂದು ಕಡತವಾಗಿ ತೋರಿಸುತ್ತದೆ. ಉಷ್ಣಾಂಶ ಮಿಲಿಡಿಗ್ರಿಯಲ್ಲಿ, ವೋಲ್ಟೇಜು ಮಿಲಿವೋಲ್ಟಿನಲ್ಲಿ, ಫ್ಯಾನಿನ ವೇಗ ನಿಮಿಷಕ್ಕೆ ಸುತ್ತುಗಳಲ್ಲಿ. ಆದರೆ ಆ ಕಡತಕ್ಕೆ ಬರುವ ಮುಂಚೆ ಎಷ್ಟೋ ಊಹೆಗಳು ಸೇರಿರುತ್ತವೆ. ಇಂಟೆಲ್ ಪ್ರೊಸೆಸರಿನೊಳಗಿನ ಸೆನ್ಸರ್ ನೇರವಾಗಿ ಉಷ್ಣಾಂಶ ಹೇಳುವುದಿಲ್ಲ. ತನ್ನ ಗರಿಷ್ಠ ಮಿತಿಗೆ ಇನ್ನೂ ಎಷ್ಟು ಡಿಗ್ರಿ ದೂರವಿದೆ ಎಂದಷ್ಟೇ ಹೇಳುತ್ತದೆ. ಮಿತಿ 100 ಎಂದು ಗೊತ್ತಿದ್ದು ದೂರ 40 ಎಂದರೆ ಪರದೆಯ ಮೇಲೆ 60 ಬರುತ್ತದೆ. ಹಳೆಯ ಕೆಲವು ಪ್ರೊಸೆಸರುಗಳಲ್ಲಿ ಆ ಮಿತಿಯನ್ನು ಓದುವ ವ್ಯವಸ್ಥೆಯೇ ಇಲ್ಲದ್ದರಿಂದ ಡ್ರೈವರ್ ಮಾದರಿ ನೋಡಿ ಊಹಿಸಬೇಕಾಗುತ್ತದೆ. ಊಹೆ ತಪ್ಪಿದರೆ ಎಲ್ಲ ಅಂಕಿಗಳೂ ಒಟ್ಟಾಗಿ ಪಕ್ಕಕ್ಕೆ ಸರಿಯುತ್ತವೆ. ಎಎಂಡಿಯದು ಇನ್ನೊಂದು ರೀತಿ. ಕೆ10ಟೆಂಪ್ ಡ್ರೈವರ್ ತೋರಿಸುವ ‘ಟಿಸಿಟಿಎಲ್’ ಎಂಬ ಅಂಕಿ ಯಾವ ವಸ್ತುವಿನ ಉಷ್ಣಾಂಶವೂ ಅಲ್ಲ, ಫ್ಯಾನನ್ನು ಎಷ್ಟು ಜೋರಾಗಿ ತಿರುಗಿಸಬೇಕು ಎಂದು ಹೇಳುವುದಕ್ಕೆ ಇಟ್ಟ ಮಾನ ಎಂದು ಕರ್ನಲ್‌ನ ದಾಖಲೆಯೇ ಸ್ಪಷ್ಟಪಡಿಸುತ್ತದೆ. ರೈಜನ್ 1700ಎಕ್ಸ್, 1800ಎಕ್ಸ್‌ಗಳಲ್ಲಿ ಅದು ನಿಜವಾದ ಉಷ್ಣಾಂಶಕ್ಕಿಂತ 20 ಡಿಗ್ರಿ ಹೆಚ್ಚು, 2700ಎಕ್ಸ್‌ನಲ್ಲಿ 10 ಡಿಗ್ರಿ ಹೆಚ್ಚು. ಇದನ್ನು ಅರಿಯದವರು ಕೆಲಸವಿಲ್ಲದೆ ಸುಮ್ಮನಿರುವ ಯಂತ್ರ 60 ಡಿಗ್ರಿ ತೋರಿಸಿತೆಂದು ಕೂಲರ್ ಬಿಚ್ಚಿ ಪೇಸ್ಟ್ ಬದಲಾಯಿಸುತ್ತಾರೆ. ಅಲ್ಲಿ ಕೆಟ್ಟದ್ದು ಏನೂ ಇಲ್ಲ.

ಇದೇ ಎಎಂಡಿಯ ಹಳೆಯ ಕೆಲವು ಪ್ರೊಸೆಸರುಗಳ ವಿಷಯದಲ್ಲಿ ಲಿನಕ್ಸ್ ತೋರಿದ ನಡತೆಯನ್ನು ಮೆಚ್ಚಲೇಬೇಕು. ಸಾಕೆಟ್ ಎಫ್ ಮತ್ತು ಎಎಂ2+ ಮಾದರಿಯ ಆ ಚಿಪ್‌ಗಳಲ್ಲಿ ಒಳಗಿನ ಸೆನ್ಸರಿನ ಮಾತು ನಂಬಲರ್ಹವಲ್ಲ ಎಂದು ತಯಾರಕರೇ ದೋಷಪಟ್ಟಿಯಲ್ಲಿ ಒಪ್ಪಿಕೊಂಡಿದ್ದರು. ಡ್ರೈವರ್ ಬರೆದವರು ಆ ಚಿಪ್ ಕಂಡರೆ ಅಂಕಿ ತೋರಿಸುವುದನ್ನೇ ನಿರಾಕರಿಸುವಂತೆ ಮಾಡಿದರು. ಬಳಕೆದಾರ ಒತ್ತಾಯಿಸಿ ಕೇಳಿದರೆ ಮಾತ್ರ ತೋರಿಸುತ್ತದೆ. ಗೊತ್ತಿಲ್ಲದಾಗ ಸುಮ್ಮನಿರುವುದು ಅಳತೆಯ ಲೋಕದಲ್ಲಿ ದೊಡ್ಡ ಸೌಜನ್ಯ. ಎಲ್ಲ ಕಡೆ ಅದು ಸಿಗುವುದಿಲ್ಲ. ಬೋರ್ಡಿನ ಮೇಲಿನ ನುವೋಟನ್ ಜಾತಿಯ ಚಿಪ್‌ಗಳಿಗೆ ಹಲವು ಉಷ್ಣಾಂಶ ಕಾಲುಗಳಿರುತ್ತವೆ. ಬೋರ್ಡ್ ಮಾಡಿದವರು ಎರಡಕ್ಕೆ ಸೆನ್ಸರ್ ಜೋಡಿಸಿ ಉಳಿದವನ್ನು ಖಾಲಿ ಬಿಟ್ಟರೂ, ಚಿಪ್ ಖಾಲಿ ಕಾಲಿನ ಮೇಲೂ ಏನೋ ಒಂದು ಅಂಕಿ ಕೊಡುತ್ತದೆ. ಅದು 127 ಆದರೆ ನಾವು ನಕ್ಕು ಬಿಡುತ್ತೇವೆ. 43 ಎಂದು ಬಂದು ಆಗಾಗ ಒಂದೆರಡು ಡಿಗ್ರಿ ಅಲುಗಾಡಿದರೆ? ಅದಕ್ಕೊಂದು ಹೆಸರು ಕೊಟ್ಟು, ಅದನ್ನೇ ನಂಬಿ ಫ್ಯಾನ್ ನಿಯಂತ್ರಿಸತೊಡಗುತ್ತೇವೆ. ವೋಲ್ಟೇಜಿನದೂ ಇದೇ ಪಾಡು. ಆ ಚಿಪ್ ನೇರವಾಗಿ ಅಳೆಯಬಲ್ಲದ್ದು ಸುಮಾರು 2 ವೋಲ್ಟಿನವರೆಗೆ ಮಾತ್ರ. 12 ವೋಲ್ಟಿನ ತಂತಿಯನ್ನು ಎರಡು ರೆಸಿಸ್ಟರುಗಳ ಮೂಲಕ ಇಳಿಸಿ ಕೊಡುತ್ತಾರೆ, ಆ ಅನುಪಾತ ಬೋರ್ಡಿಗೊಂದು ಥರ. ಅದನ್ನು ಸಂರಚನಾ ಕಡತದಲ್ಲಿ ಬರೆಯದಿದ್ದರೆ ಗಟ್ಟಿಮುಟ್ಟಾದ ಪವರ್ ಸಪ್ಲೈ ಕೂಡ ಕೆಟ್ಟಂತೆ ಕಾಣುತ್ತದೆ.

ಇನ್ನೊಂದು ದೋಷ ಇವೆಲ್ಲಕ್ಕಿಂತ ಸೂಕ್ಷ್ಮ. ಲಿನಕ್ಸ್ ತನ್ನ ಸೆನ್ಸರ್ ಚಿಪ್‌ಗಳಿಗೆ ಕೊಡುವ ಕ್ರಮಸಂಖ್ಯೆ ಶಾಶ್ವತವಲ್ಲ. ಇಂದು ಒಂದನೇ ಸಂಖ್ಯೆಯಲ್ಲಿ ಪ್ರೊಸೆಸರ್ ಇದ್ದರೆ, ನಾಳೆ ಯಂತ್ರ ಮರುಚಾಲೂ ಆದಾಗ ಅದೇ ಸಂಖ್ಯೆಯಲ್ಲಿ ಎಸ್‌ಎಸ್‌ಡಿ ಇರಬಹುದು. ಸಂಖ್ಯೆಯನ್ನೇ ನಂಬಿ ಬರೆದ ಸ್ಕ್ರಿಪ್ಟ್ ಆಗ ಪ್ರೊಸೆಸರಿನ ಹೆಸರಿನಲ್ಲಿ ಡಿಸ್ಕಿನ ಉಷ್ಣಾಂಶವನ್ನು ದಾಖಲಿಸುತ್ತ ಹೋಗುತ್ತದೆ. ಎರಡೂ 45ರ ಆಸುಪಾಸಿನಲ್ಲೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಸೆನ್ಸರ್ ಸರಿ, ತಂತಿ ಸರಿ, ಡ್ರೈವರ್ ಸರಿ. ಆದರೂ ಅಂಕಿ ಸುಳ್ಳು. ಚಿಪ್‌ನ ಹೆಸರು ಓದಿ ಖಚಿತಪಡಿಸಿಕೊಂಡ ಮೇಲಷ್ಟೇ ಕಡತ ತೆರೆಯುವುದು ಇದಕ್ಕೆ ಮದ್ದು. ವಿದ್ಯುತ್ ಹೋಗಿ ಬರುವುದು ಸಾಮಾನ್ಯವಾಗಿರುವ, ಹಾಗಾಗಿ ಯಂತ್ರಗಳು ಪದೇಪದೇ ಮರುಚಾಲೂ ಆಗುವ ನಮ್ಮ ತಾಲೂಕುಗಳಲ್ಲಿ ಇದನ್ನು ಮರೆಯುವಂತಿಲ್ಲ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಅದೇ ಯಂತ್ರದಲ್ಲಿ ವಿಂಡೋಸ್ ಹಾಕಿ ಬೋರ್ಡ್ ಕಂಪನಿಯ ತಂತ್ರಾಂಶ ನೋಡಿದರೆ ಅಂಕಿಗಳು ಸರಿಯಾಗಿ ಬರುತ್ತವೆ, ಆದ್ದರಿಂದ ತಪ್ಪು ಲಿನಕ್ಸ್‌ನದೇ ಎನ್ನುವುದು ಒಂದು. ಕಂಪನಿಯ ಬಳಿ ತನ್ನ ಬೋರ್ಡಿನ ಅನುಪಾತಗಳ ಪಟ್ಟಿ ಇರುತ್ತದೆ ಮತ್ತು ಖಾಲಿ ಕಾಲುಗಳನ್ನು ಅದು ಬಚ್ಚಿಡುತ್ತದೆ ಎಂಬುದು ನಿಜ. ಆದರೆ ಚೆಂದವಾಗಿ ಕಾಣುವುದು ಸರಿಯಾಗಿದೆ ಎಂಬುದಕ್ಕೆ ಪುರಾವೆಯಲ್ಲ. ಕಂಪನಿ ಯಾವ ಅಂಕಿಗೆ ಎಷ್ಟು ಸೇರಿಸಿದೆ, ಎಷ್ಟು ಕಳೆದಿದೆ ಎಂದು ನೋಡುವ ಅವಕಾಶವೇ ಅಲ್ಲಿಲ್ಲ. ಲಿನಕ್ಸ್ ಅರ್ಧ ಬೆಂದದ್ದನ್ನು ತೋರಿಸಿದರೂ ಎಲ್ಲಿ ಬೇಯಲಿಲ್ಲ ಎಂದು ಹುಡುಕಲು ಬಿಡುತ್ತದೆ. ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಪ್ರೊಸೆಸರ್ ತೀರಾ ಬಿಸಿಯಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ಕೊನೆಗೆ ತಾನೇ ಆರಿಹೋಗುತ್ತದೆ, ಹಾಗಿರುವಾಗ ಪರದೆಯ ಅಂಕಿ ತಪ್ಪಾದರೆ ನಷ್ಟವೇನು? ಪ್ರೊಸೆಸರಿನ ಮಟ್ಟಿಗೆ ಇದನ್ನು ಒಪ್ಪಬೇಕು. ಆ ರಕ್ಷಣೆ ಯಂತ್ರಾಂಶದೊಳಗೇ ಇದೆ, ಲಿನಕ್ಸಿನ ಅಂಕಿಯನ್ನು ಅದು ಕಾಯುವುದಿಲ್ಲ. ಆದರೆ ಅದೇ ಲಿನಕ್ಸ್ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಬೋರ್ಡಿನ ಮೇಲೆ ಕುಳಿತು ಹೊಲಕ್ಕೆ ಹೋದಾಗ ಬೆಳೆಗೆ ಅಂಥ ರಕ್ಷಣೆ ಯಾವುದೂ ಇಲ್ಲ. ಅಲ್ಲಿ ಅಂಕಿಯನ್ನು ನೋಡಿ ನಿರ್ಧಾರ ಮಾಡುವವನು ರೈತ.

ತಿಕೋಟಾ, ಬಬಲೇಶ್ವರ ಎರಡೂ 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲೂಕುಗಳು, ಎರಡೂ ದ್ರಾಕ್ಷಿ ಸೀಮೆ. ಅಕ್ಟೋಬರಿನ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು ಎಳೆ ಚಿಗುರು ಬರುವ ದಿನಗಳಲ್ಲಿ ಒಂದು ಮಳೆ ಬಿದ್ದರೆ ಡೌನಿ ರೋಗದ ಭಯ. ಚಿಗುರು 10 ಸೆಂಟಿಮೀಟರ್ ಬೆಳೆದಿದ್ದು, ಉಷ್ಣಾಂಶ 10 ಡಿಗ್ರಿಗಿಂತ ಕಡಿಮೆಯಾಗದೆ, ಒಂದೆರಡು ದಿನದೊಳಗೆ 10 ಮಿಲಿಮೀಟರ್ ಮಳೆಯಾದರೆ ಸೋಂಕು ಹತ್ತಬಹುದು ಎನ್ನುವುದು ದ್ರಾಕ್ಷಿ ರೋಗಶಾಸ್ತ್ರದ ಹಳೆಯ ನಿಯಮ. ನಮ್ಮಲ್ಲಿ ಉಷ್ಣಾಂಶದ ಷರತ್ತು ಬಹುಮಟ್ಟಿಗೆ ಸದಾ ಪೂರೈಸಿಯೇ ಇರುತ್ತದೆ. ಆದ್ದರಿಂದ ಎಲ್ಲ ಭಾರ ಮಳೆಯ ಮೇಲೆ, ಎಲೆಯ ಮೇಲೆ ನಿಲ್ಲುವ ತೇವದ ಮೇಲೆ, ಗಾಳಿಯ ಆರ್ದ್ರತೆಯ ಮೇಲೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಮಣೂಕ (ಒಣದ್ರಾಕ್ಷಿ) ಒಣಗಿಸುವ ಶೆಡ್ಡಿನಲ್ಲಿಯೂ ಆರ್ದ್ರತೆಯದೇ ಆಟ. ಔಷಧ ಇಂದು ಹೊಡೆಯಬೇಕೋ ನಾಳೆ ನೋಡಬಹುದೋ ಎಂಬ ಪ್ರಶ್ನೆಗೆ ಸೆನ್ಸರಿನ ಅಂಕಿ ಉತ್ತರ ಕೊಡತೊಡಗಿದಾಗ, ಒಂದು ತಪ್ಪು ಅಂಕಿಯ ಬೆಲೆ ಒಂದು ಔಷಧದ ಖರ್ಚಿನಿಂದ ಹಿಡಿದು ಇಡೀ ವರ್ಷದ ಬೆಳೆಯವರೆಗೆ ಏರುತ್ತದೆ.

ಆರ್ದ್ರತೆಯ ಲೆಕ್ಕ ಎಷ್ಟು ಸುಲಭವಾಗಿ ದಾರಿ ತಪ್ಪುತ್ತದೆ ನೋಡಿ. ಗಾಳಿ 25 ಡಿಗ್ರಿ ಇದ್ದು ಆರ್ದ್ರತೆ ಶೇ 80 ಇದೆ ಎಂದುಕೊಳ್ಳೋಣ. ಡೌನಿಗೆ ಅನುಕೂಲವಾದ ಹವೆ. ಸೆನ್ಸರನ್ನು ರಾಸ್ಪ್‌ಬೆರಿ ಪೈ ಇರುವ ಅದೇ ಡಬ್ಬಿಯೊಳಗೆ ಇಟ್ಟು ಮುಚ್ಚಿದರೆ, ಪೈ ಹೊಮ್ಮಿಸುವ ಶಾಖಕ್ಕೆ ಸೆನ್ಸರಿನ ಸುತ್ತಲ ಗಾಳಿ 28 ಡಿಗ್ರಿಗೆ ಏರುತ್ತದೆ. ಬಿಸಿಯಾದ ಗಾಳಿ ಹೆಚ್ಚು ಆವಿ ಹಿಡಿಯಬಲ್ಲದ್ದರಿಂದ, ಇದ್ದ ಆವಿ ಅಷ್ಟೇ ಇದ್ದರೂ, ಸೆನ್ಸರ್ ಶೇ 67 ಎನ್ನುತ್ತದೆ. ಸೆನ್ಸರ್ ಸುಳ್ಳು ಹೇಳಲಿಲ್ಲ. ಡಬ್ಬಿಯೊಳಗಿನ ಹವೆಯನ್ನು ಸರಿಯಾಗಿಯೇ ಹೇಳಿತು. ಆದರೆ ಬಳ್ಳಿ ಇರುವುದು ಡಬ್ಬಿಯ ಹೊರಗೆ. 25ರ ಬದಲು 28, 80ರ ಬದಲು 67, ಎರಡೂ ಅಕ್ಟೋಬರಿನ ವಿಜಯಪುರಕ್ಕೆ ಚೆನ್ನಾಗಿ ಹೊಂದುವ ಅಂಕಿಗಳು. ಹವಾಮಾನ ಇಲಾಖೆಗಳು ಉಷ್ಣಮಾಪಕವನ್ನು ಜಾಲಂಧ್ರದ ಬಿಳಿ ಮರದ ಪೆಟ್ಟಿಗೆಯಲ್ಲಿ, ನೆಲದಿಂದ ಎತ್ತರದಲ್ಲಿ ಇಡುವುದು ಈ ಕಾರಣಕ್ಕೇ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ ರೂಪಿಸಿದ ಆ ಪೆಟ್ಟಿಗೆಯಲ್ಲಿ ಒಂದು ತುಣುಕೂ ಎಲೆಕ್ಟ್ರಾನಿಕ್ಸ್ ಇಲ್ಲ. ಗಾಳಿ ಆಡಬೇಕು, ಬಿಸಿಲು ತಾಗಬಾರದು ಎಂಬ ವಿವೇಕ ಮಾತ್ರ ಇದೆ. ಪತ್ರಾಸ್ ತಗಡಿನ ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಎಷ್ಟು ದುಬಾರಿ ಸೆನ್ಸರ್ ಆದರೂ ಪತ್ರಾಸಿನ ಕಾವನ್ನೇ ಅಳೆಯುತ್ತದೆ.

ಈಗ ಡಿಎಸ್18ಬಿ20 ಎಂಬ ಉಷ್ಣ ಸೆನ್ಸರಿನ ವಿಷಯ. ಅಗ್ಗ, ನೀರು ಹೊಗದ ಉಕ್ಕಿನ ಕೊಳವೆಯಲ್ಲೂ ಸಿಗುತ್ತದೆ, ಮಣ್ಣಿನಲ್ಲಿ ಹೂಳಬಹುದು. ವಿದ್ಯುತ್ ಬಂದ ಕೂಡಲೆ ಅದರ ಸ್ಮರಣೆಯಲ್ಲಿ 85 ಡಿಗ್ರಿ ಎಂಬ ಆರಂಭಿಕ ಮೌಲ್ಯ ಇರುತ್ತದೆ. ಪೂರ್ಣ ನಿಖರತೆಯಲ್ಲಿ ಅಳೆಯಲು ಅದಕ್ಕೆ 750 ಮಿಲಿಸೆಕೆಂಡ್ ಬೇಕು. ಅಷ್ಟರೊಳಗೆ ವೋಲ್ಟೇಜು ಕುಸಿದರೆ ಅಳತೆ ನಡೆಯದೆ 85 ಹಾಗೇ ಹೊರಬರುತ್ತದೆ. ಲಿನಕ್ಸ್ ಆ ಸಾಲಿನ ಕೊನೆಯಲ್ಲಿ ‘ಯೆಸ್’ ಎಂದು ಒಪ್ಪಿಗೆ ಮುದ್ರೆಯನ್ನೂ ಒತ್ತುತ್ತದೆ. ಆ ಮುದ್ರೆ ಖಾತರಿ ಕೊಡುವುದು ಸೆನ್ಸರ್ ಕಳಿಸಿದ್ದು ತಂತಿಯಲ್ಲಿ ಕೆಡದೆ ತಲುಪಿದೆ ಎಂಬುದಕ್ಕೆ ಮಾತ್ರ, ಕಳಿಸಿದ್ದು ನಿಜವೋ ಎಂಬುದಕ್ಕಲ್ಲ. ಮಣ್ಣಿನ ಉಷ್ಣಾಂಶ 85 ಎಂದರೆ ಯಾರಾದರೂ ಹಿಡಿಯುತ್ತಾರೆ. ಆದರೆ ದಿನದ ಸರಾಸರಿ ತೆಗೆಯುವ ಪ್ರೋಗ್ರಾಮಿನೊಳಗೆ ನೂರಕ್ಕೆ ಐದು ಸಲ 85 ನುಸುಳಿದರೆ 28 ಡಿಗ್ರಿಯ ಸರಾಸರಿ 30.85 ಆಗುತ್ತದೆ, ವರದಿಯಲ್ಲಿ ಅದು ಸಹಜವಾಗಿಯೇ ಕಾಣುತ್ತದೆ. ಸರಾಸರಿ ತೆಗೆದರೆ ತಪ್ಪುಗಳು ತೊಡೆದುಹೋಗುತ್ತವೆ ಎಂದು ನಂಬಿದವರಿಗೆ ಇದೇ ಉತ್ತರ: ಅತ್ತಿತ್ತ ಸಮನಾಗಿ ಹೊಯ್ದಾಡುವ ಗದ್ದಲವನ್ನು ಸರಾಸರಿ ಕಡಿಮೆ ಮಾಡುತ್ತದೆ, ಒಂದೇ ಕಡೆ ಎಳೆಯುವ ದೋಷವನ್ನು ಬಚ್ಚಿಡುತ್ತದೆ. ಪೈಗೆ 4.63 ವೋಲ್ಟಿಗಿಂತ ಕಡಿಮೆ ಸಿಕ್ಕಾಗ ಅದು ಕಡಿಮೆ ವೋಲ್ಟೇಜಿನ ಎಚ್ಚರಿಕೆ ದಾಖಲಿಸುತ್ತದೆ. ಸೆನ್ಸರ್ ಬದಲಿಸುವ ಮುನ್ನ ಆ ದಾಖಲೆ ನೋಡಿ. ಉದ್ದ ತಂತಿ, ತೆಳು ಕೇಬಲ್, ಸೋತ ಬ್ಯಾಟರಿ ಇವೇ ಬಹಳ ಸಲ ಅಪರಾಧಿಗಳು.

ಎಲ್ಲಕ್ಕಿಂತ ನಂಬಿಕೆ ಹುಟ್ಟಿಸುವ ತಪ್ಪು ಅಂಕಿ ಯಾವುದೆಂದು ಕೇಳಿದರೆ, ಬರದ ಸೀಮೆಯಲ್ಲಿ ಅದು ಸೊನ್ನೆ. ತೊಟ್ಟಿಲಿನಂತೆ ಆ ಕಡೆ ಈ ಕಡೆ ಮಗುಚುವ ಪುಟ್ಟ ಬಟ್ಟಲುಗಳಿರುವ ಮಳೆಮಾಪಕದಲ್ಲಿ ಪ್ರತಿ ಮಗುಚುವಿಕೆಯೂ ಇಂತಿಷ್ಟು ಮಳೆ ಎಂದು ಲೆಕ್ಕ. ಲಾಳಿಕೆಯ ಬಾಯಿಗೆ ಧೂಳು, ಜೇಡರಬಲೆ, ಹಕ್ಕಿ ಹಿಕ್ಕೆ ಸಿಕ್ಕಿಕೊಂಡರೆ ನೀರು ಇಳಿಯುವುದಿಲ್ಲ, ಮಾಪಕ 0 ಎನ್ನುತ್ತದೆ. ವಿಜಯಪುರದಲ್ಲಿ ಮಳೆ ಇಲ್ಲ ಎಂದರೆ ಯಾರು ಆಶ್ಚರ್ಯಪಟ್ಟಾರು? ಅರ್ಧ ಮುಚ್ಚಿದ್ದರೆ ಇನ್ನೂ ಕಷ್ಟ. ಅರ್ಧ ಗಂಟೆ ಸುರಿದ ರಭಸದ ಮಳೆ ಮೂರು ತಾಸಿನ ಜಿನುಗು ಮಳೆಯಾಗಿ ದಾಖಲಾಗುತ್ತದೆ. ಏನೂ ಮುಚ್ಚಿಲ್ಲದಿದ್ದರೂ, ಬಿರುಸಿನ ಮಳೆಯಲ್ಲಿ ಬಟ್ಟಲು ಮಗುಚುವ ಕ್ಷಣಕಾಲ ಬಿದ್ದ ನೀರು ಲೆಕ್ಕಕ್ಕೆ ಸಿಗದೆ ಹೋಗುವುದರಿಂದ ಈ ಮಾಪಕಗಳು ಸ್ವಲ್ಪ ಕಡಿಮೆಯನ್ನೇ ತೋರಿಸುತ್ತವೆ. ದ್ರಾಕ್ಷಿಗೆ ಕೆಡುಕು ಮಾಡುವುದು ಅಂಥ ಅಕಾಲದ ಬಿರುಸು ಮಳೆಯೇ.

ಹಾಗಾದರೆ ಪರೀಕ್ಷೆ ಹೇಗೆ? ಪ್ರಕೃತಿಯಲ್ಲಿ ಕೆಲವು ಸ್ಥಿತಿಗಳು ಯಾರ ನಿರೀಕ್ಷೆಗೂ ಬಾಗುವುದಿಲ್ಲ, ಅವುಗಳ ಮುಂದೆ ಸೆನ್ಸರನ್ನು ನಿಲ್ಲಿಸಬೇಕು. ಪುಡಿ ಮಾಡಿದ ಶುದ್ಧ ಮಂಜುಗಡ್ಡೆಗೆ ಸ್ವಲ್ಪ ನೀರು ಬೆರೆಸಿ ಕಲಕುತ್ತಿದ್ದರೆ ಅದು 0 ಡಿಗ್ರಿ. ನೀರು ತಡೆಯುವ ಸೆನ್ಸರನ್ನು ಅದರಲ್ಲಿ ಅದ್ದಿ ಐದು ನಿಮಿಷ ಬಿಟ್ಟು ನೋಡಿ. ಕುದಿಯುವ ನೀರಿನ ಪರೀಕ್ಷೆಯೂ ಇದೆ, ಆದರೆ ಇಲ್ಲಿ ಪುಸ್ತಕದ ಅಂಕಿ ಮೋಸ ಮಾಡುತ್ತದೆ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ನಮ್ಮಲ್ಲಿ ನೀರು ಕುದಿಯುವುದು 98 ಡಿಗ್ರಿಯ ಹತ್ತಿರ. 98 ತೋರಿಸಿದ ಸೆನ್ಸರನ್ನು 100ಕ್ಕೆ ತಿದ್ದಿದವರು ಸರಿಯಿದ್ದದ್ದನ್ನು ಕೆಡಿಸಿದಂತೆ. ವಾಯುಭಾರ ಸೆನ್ಸರಿನದೂ ಇದೇ ಕಥೆ: ಅದು 945 ಹೆಕ್ಟೊಪಾಸ್ಕಲ್ ಆಸುಪಾಸು ತೋರಿಸಿದರೆ ಸರಿಯಾಗಿದೆ ಎಂದರ್ಥ. ಸುದ್ದಿಯಲ್ಲಿ ಕೇಳುವ 1010ರ ಆಸುಪಾಸಿನ ಅಂಕಿಗಳು ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದವು. ಆರ್ದ್ರತೆಗೆ ಅಡುಗೆ ಉಪ್ಪು ಸಾಕು. ಒಂದು ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನಷ್ಟು ಹದಕ್ಕೆ ನೀರು ಸೇರಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸೆನ್ಸರಿನ ಜೊತೆ ಇಟ್ಟು ಒಂದು ಹಗಲು ಬಿಟ್ಟರೆ ಒಳಗಿನ ಆರ್ದ್ರತೆ ಶೇ 75ಕ್ಕೆ ನಿಲ್ಲುತ್ತದೆ. 20 ಡಿಗ್ರಿಯಲ್ಲೂ 35 ಡಿಗ್ರಿಯಲ್ಲೂ ಅದು ಹೆಚ್ಚುಕಡಿಮೆ ಅಷ್ಟೇ. ಗಂಧಕ ಮತ್ತು ನಾನಾ ಔಷಧ ಹೊಡೆಯುವ ಪಡದಲ್ಲಿ ಈ ಪರೀಕ್ಷೆ ಪ್ರತಿ ಹಂಗಾಮಿಗೂ ಬೇಕು. ರಾಸಾಯನಿಕಗಳ ಆವಿ ತಾಗಿದ ಪಾಲಿಮರ್ ಪದರ ನಿಧಾನವಾಗಿ ಹದ ತಪ್ಪುತ್ತದೆ ಎಂದು ಇಂಥ ಸೆನ್ಸರುಗಳ ತಯಾರಕರೇ ಎಚ್ಚರಿಸುತ್ತಾರೆ. ಮಳೆಮಾಪಕಕ್ಕೆ ಬೇಕಾದದ್ದು ಒಂದು ಅಳತೆ ಲೋಟ. ಬಾಯಿಯ ವ್ಯಾಸ 20 ಸೆಂಟಿಮೀಟರ್ ಇದ್ದರೆ 314 ಮಿಲಿಲೀಟರ್ ನೀರು 10 ಮಿಲಿಮೀಟರ್ ಮಳೆಗೆ ಸಮ. ಹನಿಹನಿಯಾಗಿ ಸುರಿಯಿರಿ, ಮಗುಚಿಗೆ 0.2 ಮಿಲಿಮೀಟರಿನ ಮಾಪಕವಾದರೆ 50 ಸಲ ಮಗುಚಬೇಕು. ಇನ್ನು ಕಂಪ್ಯೂಟರಿಗೆ? ರಾತ್ರಿಯಿಡೀ ಆರಿಸಿಟ್ಟು ಬೆಳಗ್ಗೆ ಚಾಲೂ ಮಾಡಿದ ಕೂಡಲೆ ಎಲ್ಲ ಸೆನ್ಸರುಗಳೂ ಕೋಣೆಯ ಉಷ್ಣಾಂಶದ ಹತ್ತಿರ, ಅದಕ್ಕಿಂತ ಸ್ವಲ್ಪ ಮೇಲೆ ಇರಬೇಕು. ಪ್ರೊಸೆಸರಿಗೆ ಭಾರೀ ಕೆಲಸ ಕೊಟ್ಟಾಗ ಏರಬೇಕು, ನಿಲ್ಲಿಸಿದಾಗ ಇಳಿಯಬೇಕು. ಏರದ, ಇಳಿಯದ, ಕೋಣೆಗಿಂತ ತಂಪಾದ ಅಂಕಿಯನ್ನು ಸಂರಚನಾ ಕಡತದಲ್ಲಿ ‘ಇಗ್ನೋರ್’ ಎಂದು ಬರೆದು ಪಟ್ಟಿಯಿಂದಲೇ ತೆಗೆದುಬಿಡುವುದು ಒಳ್ಳೆಯದು.

ಇಷ್ಟೆಲ್ಲ ಏಕೆ, ಒಳ್ಳೆಯ ದುಬಾರಿ ಸೆನ್ಸರ್ ಕೊಂಡರಾಯಿತು ಎನ್ನುವವರಿದ್ದಾರೆ. ಮೇಲೆ ಹೇಳಿದ ದೋಷಗಳಲ್ಲಿ ಹೆಚ್ಚಿನವು ಸೆನ್ಸರಿನೊಳಗೆ ಹುಟ್ಟಿದವಲ್ಲ. ಇಟ್ಟ ಜಾಗ, ಕೊಟ್ಟ ವೋಲ್ಟೇಜು, ತಿರುಗಿಸುವ ಸೂತ್ರ, ಹಚ್ಚಿದ ಹೆಸರು, ಕಟ್ಟಿಕೊಂಡ ಕಸ ಇವುಗಳಿಂದ ಬಂದವು. ಹತ್ತು ಪಟ್ಟು ಬೆಲೆಯ ಸೆನ್ಸರ್ ಕೂಡ ಅದೇ ಡಬ್ಬಿಯೊಳಗೆ ಅದೇ 67 ತೋರಿಸುತ್ತದೆ. ನಮಗೆ ನಿಖರ ಅಂಕಿ ಬೇಡ, ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾದರೆ ಸಾಕು ಎನ್ನುವುದು ಮತ್ತೊಂದು ವಾದ. ಕಂಪ್ಯೂಟರಿನಲ್ಲಿ ಧೂಳು ತುಂಬಿದೆಯೇ ಎಂದು ತಿಳಿಯಲು ನಿಜವಾಗಿಯೂ ಅಷ್ಟು ಸಾಕು. ಕಳೆದ ವರ್ಷ ಇದೇ ಕೆಲಸಕ್ಕೆ 70 ಇದ್ದದ್ದು ಈ ವರ್ಷ 85 ಆಗಿದ್ದರೆ ಬ್ರಷ್ ಕೈಗೆತ್ತಿಕೊಳ್ಳಬಹುದು. ಆದರೆ 10 ಮಿಲಿಮೀಟರಿಗೆ ಗೆರೆ ಎಳೆದ ನಿಯಮದ ಮುಂದೆ 9ಕ್ಕೂ 11ಕ್ಕೂ ಇರುವ ವ್ಯತ್ಯಾಸವೇ ತೀರ್ಮಾನ. ಅಲ್ಲಿ ಏರಿಳಿತದ ದಿಕ್ಕು ಗೊತ್ತಿದ್ದು ಪ್ರಯೋಜನವಿಲ್ಲ.

ಅಂಥ ಗೆರೆಗಳು ಸರ್ಕಾರದ ಯೋಜನೆಗಳಲ್ಲೂ ಇವೆ. 2016ರಿಂದ ಪುನರ್‌ರಚನೆಗೊಂಡು ನಡೆಯುತ್ತಿರುವ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ತೋಟಗಾರಿಕೆ ಬೆಳೆಗಳ ಪರಿಹಾರ ನಿಗದಿಯಾಗುವುದು ಹೊಲಕ್ಕೆ ಬಂದು ನಷ್ಟ ನೋಡಿ ಅಲ್ಲ. ಆ ಪ್ರದೇಶದ ಹವಾಮಾನ ಮಾಪಕ ದಾಖಲಿಸಿದ ಮಳೆ, ಉಷ್ಣಾಂಶ, ಆರ್ದ್ರತೆ ನಿಗದಿತ ಮಿತಿ ದಾಟಿದವೋ ಇಲ್ಲವೋ ಎಂಬುದರ ಮೇಲೆ. ರೈತ ತನ್ನ ಪಾಲಿನ ಶೇ 5ರ ಕಂತು ಕಟ್ಟಿರುತ್ತಾನೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿ ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಎನಿಸಿಕೊಂಡಿರುವ ಸಂಸ್ಥೆ ಗ್ರಾಮ ಪಂಚಾಯಿತಿಗೊಂದರಂತೆ ಟೆಲಿಮೆಟ್ರಿಕ್ ಮಳೆಮಾಪಕ ನಿಲ್ಲಿಸಿದ್ದು ದೇಶದಲ್ಲೇ ಅಪರೂಪದ ಸಾಧನೆ, ಅದರ ಬಗ್ಗೆ ಗೌರವವಿದೆ. ಆ ಗೌರವ ಉಳಿಯಬೇಕಾದರೆ ಪ್ರತಿ ಮಾಪಕದ ಅಂಕಿಯ ಜೊತೆಗೆ ಅದರ ಆರೋಗ್ಯವೂ ಸಾರ್ವಜನಿಕವಾಗಬೇಕು. ಎಪಿಎಂಸಿಯಲ್ಲಿ ಮಣೂಕ ತೂಗುವ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು, ಅವಧಿ ಮುಗಿದರೆ ಮತ್ತೆ ಪರೀಕ್ಷೆ ಆಗಬೇಕು ಎಂದು 2009ರ ಕಾಯ್ದೆ ಹೇಳುತ್ತದೆ. ಅದೇ ಮಣೂಕದ ಬೆಳೆ ಹಾಳಾದಾಗ ಪರಿಹಾರ ತೂಗುವ ಮಾಪಕವನ್ನು ಕೊನೆಯ ಸಲ ಯಾವಾಗ ಪರೀಕ್ಷಿಸಿದರು ಎಂಬುದನ್ನೂ ರೈತ ಅಷ್ಟೇ ಸುಲಭವಾಗಿ ಓದುವಂತಿರಬೇಕು.

ಆದ್ದರಿಂದ ಕೇಳಿಕೊಳ್ಳುವುದು ಇಷ್ಟು. ತಿಕೋಟಾ, ಬಬಲೇಶ್ವರ ತಾಲೂಕುಗಳ ಪ್ರತಿ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ತನ್ನ ಮಳೆಮಾಪಕವನ್ನು ಶುಚಿಗೊಳಿಸಿದ ದಿನ, ಅಳತೆಯ ನೀರು ಸುರಿದು ನೋಡಿದ ದಿನ ಮತ್ತು ಬಂದ ಫಲಿತಾಂಶ ಬರೆದಿರಲಿ. ವಿಜಯಪುರದ ಹಳಕಟ್ಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಸೆಕ್ಯಾಬ್ ಕಾಲೇಜಿನಲ್ಲಿ ಸೆನ್ಸರ್ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ತಮ್ಮ ವರದಿಯ ಮೊದಲ ಪುಟದಲ್ಲೇ ಮಂಜುಗಡ್ಡೆ ಮತ್ತು ಉಪ್ಪಿನ ಪರೀಕ್ಷೆಯ ಅಂಕಿಗಳನ್ನು ಕೊಡಲಿ. ತಿದ್ದಿದ ಅಂಕಿಯ ಪಕ್ಕದಲ್ಲಿ ತಿದ್ದದ ಮೂಲ ಅಂಕಿಯನ್ನೂ ಉಳಿಸಲಿ. ಪಡದಲ್ಲಿ ಹವಾಮಾನ ಪೆಟ್ಟಿಗೆ ಇಟ್ಟ ರೈತರು ಅಕ್ಟೋಬರಿನ ಚಾಟ್ನಿಗೆ ಕತ್ತರಿ ಹಿಡಿಯುವ ಮುಂಚಿನ ವಾರವೇ ಲಾಳಿಕೆ ತೊಳೆದು, 314 ಮಿಲಿಲೀಟರ್ ನೀರು ಸುರಿದು, ಫೋನಿನಲ್ಲಿ ಎಷ್ಟು ಬಂತೆಂದು ಬರೆದಿಟ್ಟುಕೊಳ್ಳಲಿ.